ಪ್ರವಾಸಿ ಋತುವಿನಲ್ಲಿ ಹೋಟೆಲ್, ವಸತಿಗೃಹಗಳ ಅಗ್ನಿ ಸುರಕ್ಷತೆ

ಮೈಸೂರಿನ ದಸರಾ ಇರಲಿ, ಡಿಸೆಂಬರ್ ಕೊನೆಯ ಗೋಕರ್ಣ, ಮಡಿಕೇರಿಗಳ ದಟ್ಟಣೆ ಇರಲಿ, ಕೊಠಡಿಗಳೆಲ್ಲ ಭರ್ತಿಯಾದಾಗ ಮೊದಲು ಒತ್ತುವರಿಯಾಗುವುದು ಓಡಾಟದ ಜಾಗ. ಮೆಟ್ಟಿಲ ಕೆಳಗೆ ಹೆಚ್ಚುವರಿ ಹಾಸಿಗೆ, ಹಿಂಬಾಗಿಲಿಗೆ ಅಡ್ಡವಾಗಿ ಸಿಲಿಂಡರ್, ಊಟದ ಹಾಲ್‌ನಲ್ಲಿ ಮಲಗುವ ಸಿಬ್ಬಂದಿ. ಬೆಂಕಿ ಬಿದ್ದರೆ ಜನ ಹೊರಬರಬೇಕಾದುದೂ ಇದೇ ದಾರಿಯಿಂದ.

2018ರ ಜನವರಿ 8ರ ನಸುಕಿನಲ್ಲಿ ಬೆಂಗಳೂರಿನ ಕಲಾಸಿಪಾಳ್ಯದ ಬಾರ್ ಒಂದಕ್ಕೆ ಬೆಂಕಿ ಬಿದ್ದು, ಒಳಗೆ ಮಲಗಿದ್ದ ಐವರು ಕೆಲಸಗಾರರು ಮೃತಪಟ್ಟರು. ಅದಕ್ಕೆ ಹತ್ತು ದಿನ ಮೊದಲು ಮುಂಬೈನ ಕಮಲಾ ಮಿಲ್ಸ್ ಆವರಣದಲ್ಲಿ 14 ಮಂದಿ ಬಲಿಯಾಗಿದ್ದರು. ಹಲವರು ಶೌಚಾಲಯದಲ್ಲಿ ಆಶ್ರಯ ಪಡೆದು ಉಸಿರುಗಟ್ಟಿ ಸತ್ತಿದ್ದರು. 2025ರ ಡಿಸೆಂಬರ್ 6ರ ರಾತ್ರಿ ಗೋವಾದ ಅರ್ಪೋರಾದ ನೈಟ್‌ಕ್ಲಬ್‌ನಲ್ಲಿ ಮಡಿದ 25 ಮಂದಿಯಲ್ಲಿ ಬಹುಪಾಲು ಸಿಬ್ಬಂದಿಯೇ. ಅತಿಥಿಗಳ ಸುರಕ್ಷತೆಯ ಮಾತು ಆಗಾಗ ಕೇಳಿಬರುತ್ತದೆ. ಅಡುಗೆಯವರು, ಸಪ್ಲೈಯರ್‌ಗಳು ಎಲ್ಲಿ ಮಲಗುತ್ತಾರೆ ಎಂದು ವಿಚಾರಿಸುವವರು ಕಡಿಮೆ. ಅವರು ಒಳಗಿರುವಾಗ ಶಟರ್‌ಗೆ ಹೊರಗಿನಿಂದ ಬೀಗ ಹಾಕುವುದನ್ನು ಯಾವ ಕಳ್ಳತನದ ಭಯವೂ ಸಮರ್ಥಿಸಲಾರದು.

ಅಡುಗೆಮನೆಯಲ್ಲಿ ಗಮನಿಸಬೇಕಾದುದು ಚಿಮಣಿಯ ಕೊಳವೆ. ಹಗಲಿರುಳು ಒಲೆ ಉರಿಯುವ ದಿನಗಳಲ್ಲಿ ಅದರೊಳಗೆ ಜಿಡ್ಡು ಬೇಗ ಕಟ್ಟುತ್ತದೆ; ಒಮ್ಮೆ ಹೊತ್ತಿಕೊಂಡರೆ ಬೆಂಕಿ ಮೇಲಿನ ಅಂತಸ್ತಿಗೂ ಏರಬಲ್ಲದು. ಬಾಣಲೆಯ ಎಣ್ಣೆಗೆ ಬೆಂಕಿ ತಗುಲಿದರೆ ನೀರು ಸುರಿಯಬಾರದು. ಒಲೆ ಆರಿಸಿ ಮುಚ್ಚಳ ಮುಚ್ಚಬೇಕು. ಎಲ್‌ಪಿಜಿ ಗಾಳಿಗಿಂತ ಭಾರವಾದುದರಿಂದ ಸೋರಿದಾಗ ನೆಲಮಟ್ಟದಲ್ಲೇ ಹರಡುತ್ತದೆ. ಆದ್ದರಿಂದ 19 ಕೆ.ಜಿ.ಯ ವಾಣಿಜ್ಯ ಸಿಲಿಂಡರ್‌ಗಳನ್ನು ನೆಲಮಾಳಿಗೆಯಲ್ಲಿ ಇಡುವಂತಿಲ್ಲ. ವಾಸನೆ ಬಂದಾಗ ಎಕ್ಸಾಸ್ಟ್ ಫ್ಯಾನ್ ಸೇರಿದಂತೆ ಯಾವ ಸ್ವಿಚ್ಚನ್ನೂ ಮುಟ್ಟದೆ, ರೆಗ್ಯುಲೇಟರ್ ಬಂದ್ ಮಾಡಿ ಕಿಟಕಿ ಬಾಗಿಲು ತೆರೆಯಬೇಕು.

ಗೋಡೆಯ ಮೇಲಿನ ಅಗ್ನಿನಂದಕ ಪರವಾನಗಿಯ ಅಲಂಕಾರವಾಗಿ ಉಳಿಯುವುದೇ ಹೆಚ್ಚು. ಅದರ ಮುಳ್ಳು ಹಸಿರು ಭಾಗದಲ್ಲಿದೆಯೇ, ಋತುವಿಗೆಂದು ಸೇರಿಕೊಂಡ ಹೊಸ ಹುಡುಗನಿಗೆ ಪಿನ್ ಎಳೆಯಲು ಬರುತ್ತದೆಯೇ ಎಂಬುದನ್ನು ಮೊದಲ ದಿನವೇ ನೋಡಿಕೊಳ್ಳುವುದು ಒಳಿತು.

ಪ್ರವಾಸಿಗರು ಕೊಠಡಿ ಸೇರಿದ ಕೂಡಲೇ ಮೆಟ್ಟಿಲಿಗೆ ಎಷ್ಟು ಬಾಗಿಲು ದಾಟಬೇಕೆಂದು ಎಣಿಸಿಟ್ಟುಕೊಳ್ಳಬೇಕು. ಹೊಗೆಯಲ್ಲಿ ಫಲಕ ಕಾಣದು. ಲಿಫ್ಟ್ ಬಳಸದೆ, ಬಗ್ಗಿ ಸಾಗಬೇಕು. ದಾರಿ ಕಟ್ಟಿದ್ದರೆ ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿ ಕಿಟಕಿಯ ಬಳಿ ನಿಲ್ಲಬೇಕು.

ಅಗ್ನಿಶಾಮಕ ದಳದ ದೂರವಾಣಿ ಸಂಖ್ಯೆ 101. 112ಕ್ಕೂ ಕರೆ ಮಾಡಬಹುದು. ಹೋಟೆಲಿನ ಹೆಸರಿನೊಂದಿಗೆ ಬೀದಿ, ಹತ್ತಿರದ ಗುರುತನ್ನು ತಿಳಿಸಬೇಕು. ಪ್ರವಾಸಿ ಬಸ್ಸುಗಳು ರಸ್ತೆಗೆ ಅಡ್ಡ ನಿಂತಿದ್ದರೆ ಅದನ್ನೂ ಹೇಳಬೇಕು.