ದೊರೆಯ ಮುಂದೆ ಮಕ್ಕಳ ನಾಟಕ

ಮಕ್ಕಳು ನಾಟಕ ಆಡುತ್ತಾರೆ ಎಂದರೆ ನಮ್ಮ ಕೆಲವು ಮನೆಗಳಲ್ಲಿ ಈಗಲೂ ಹಿರಿಯರ ಮುಖ ಗಂಟಾಗುತ್ತದೆ. ಅಂಥವರಿಗೆ ನಾನು ಅಬ್ದುಲ್ಲಾ ನದೀಮರ ಕಥೆ ಹೇಳುವುದುಂಟು.

ಈಜಿಪ್ಟಿನ ಅಲೆಕ್ಸಾಂಡ್ರಿಯಾ ನಗರದ ಒಬ್ಬ ಬಡ ರೊಟ್ಟಿ ತಯಾರಕರ ಮಗ ನದೀಮ್. ಓದಿದ್ದು ಮಸೀದಿಯ ದರ್ಸ್‌ನಲ್ಲಿ, ಹೊಟ್ಟೆಪಾಡಿಗೆ ಮಾಡಿದ್ದು ತಂತಿ ಕಚೇರಿಯ ಕೆಲಸ. ಆ ಬಂದರು ನಗರದಲ್ಲಿ ಯುರೋಪಿಯನ್ನರು ತಮ್ಮ ಮಕ್ಕಳಿಗೆ ಒಳ್ಳೆಯ ಶಾಲೆಗಳನ್ನು ಕಟ್ಟಿಕೊಂಡಿದ್ದರು. ಊರಿನ ಬಡ ಮುಸ್ಲಿಮರ ಮಕ್ಕಳು ಬೀದಿಯಲ್ಲಿದ್ದರು. 1879ರಲ್ಲಿ ನದೀಮ್ ಮತ್ತು ಗೆಳೆಯರು ಇಸ್ಲಾಮಿ ಧರ್ಮಾರ್ಥ ಸಂಘವೊಂದನ್ನು ಸ್ಥಾಪಿಸಿ ಶಾಲೆ ತೆರೆದರು. ನದೀಮ್ ಅಲ್ಲಿ ಅಕ್ಷರದ ಜೊತೆಗೆ ಇನ್ನೊಂದನ್ನು ಕಲಿಸಿದರು: ಜನರ ಮುಂದೆ ನಿಂತು ಮಾತನಾಡುವುದು. ನಮ್ಮ ಮದ್ರಸದ ಮಕ್ಕಳು ಮೀಲಾದ್ ವೇದಿಕೆಯಲ್ಲಿ ಬಾಯಿಪಾಠ ಒಪ್ಪಿಸುವುದನ್ನು ನೋಡುವಾಗಲೆಲ್ಲ ನನಗೆ ಆ ಶಾಲೆ ನೆನಪಾಗುತ್ತದೆ.

ಆ ಮಕ್ಕಳಿಗಾಗಿಯೇ ಅವರು ನಾಟಕ ಬರೆದರು. ಒಂದರ ಹೆಸರು ‘ಅಲ್ ಅರಬ್’. ಇನ್ನೊಂದು ‘ಅಲ್ ವತನ್’, ಅಂದರೆ ತಾಯ್ನಾಡು. ಅದರಲ್ಲಿ ನಾಡೇ ಒಂದು ಪಾತ್ರವಾಗಿ ಬಂದು, ತನ್ನ ಜನರ ಅಜ್ಞಾನವನ್ನು ಅವರ ಮುಖಕ್ಕೇ ಹೇಳಿ ದುಃಖಿಸುತ್ತದೆ. ಜಿಜೀನಿಯಾ ಎಂಬ ದೊಡ್ಡ ರಂಗಮಂದಿರದಲ್ಲಿ ಮಕ್ಕಳು ಅದನ್ನು ಆಡಿದರು. ಉಸ್ತಾದರೂ ಅವರ ಜೊತೆ ವೇಷ ಹಾಕಿದರು. ನೋಡಲು ಬಂದವರಲ್ಲಿ ಖಿದೀವ್, ಎಂದರೆ ದೇಶದ ದೊರೆ, ತೌಫೀಕ್ ಕೂಡ ಇದ್ದರು.

ನಾಟಕದ ಪೂರ್ಣ ಹೆಸರು ‘ನಾಡು ಮತ್ತು ತೌಫೀಕ್‌ನ ಉದಯ’. ‘ಅಲ್ಲಾಹನು ತೌಫೀಕ್ ನೀಡಲಿ’ ಎಂದು ನಾವು ದಿನವೂ ದುಆ ಮಾಡುವ ಅದೇ ಪದ, ದೊರೆಯ ಹೆಸರೂ ಹೌದು. ಇದು ಮುಖಸ್ತುತಿಯೇ? ಸ್ವಲ್ಪ ಹೌದು ಎಂದೇ ನನ್ನ ಅನಿಸಿಕೆ. ಬಡವರ ಶಾಲೆ ನಡೆಯಬೇಕಿದ್ದರೆ ಅರಮನೆಯ ಕೃಪೆ ಬೇಕಿತ್ತು. ಆದರೆ ಹೆಸರಿನಲ್ಲಿ ಹೊಗಳಿ, ಒಳಗೆ ನಾಡಿನ ದುರವಸ್ಥೆಯನ್ನು ಬಡ ಹುಡುಗರ ಬಾಯಿಂದ ದೊರೆಯ ಎದುರೇ ಹೇಳಿಸುವುದು ಸುಲಭದ ಕೆಲಸವಲ್ಲ.

ಆ ಕೃಪೆ ಹೆಚ್ಚು ಕಾಲ ಉಳಿಯಲಿಲ್ಲ. ಅಹ್ಮದ್ ಉರಾಬಿ ಪಾಷಾರ ಹೋರಾಟ ಎದ್ದಾಗ ನದೀಮ್ ಅದರ ಖತೀಬ್ ಆದರು. ತೌಫೀಕ್ ಬ್ರಿಟಿಷರ ಕಡೆ ನಿಂತರು. 1882ರ ಜುಲೈ 11ರಂದು ಬ್ರಿಟಿಷ್ ಹಡಗುಗಳು ಅಲೆಕ್ಸಾಂಡ್ರಿಯಾದ ಮೇಲೆ ಗುಂಡಿನ ಮಳೆಗರೆದವು. ಸೆಪ್ಟೆಂಬರ್ 13ರಂದು ತೆಲ್ ಅಲ್ ಕಬೀರ್‌ನಲ್ಲಿ ಉರಾಬಿಯವರ ಸೈನ್ಯ ಸೋತಿತು. ನದೀಮರ ತಲೆಗೆ ಬಹುಮಾನ ಘೋಷಣೆಯಾಯಿತು. ಅಂದು ಮುಂದೆ ಕುಳಿತು ನಾಟಕ ನೋಡಿದ್ದ ದೊರೆಯದೇ ಸರಕಾರ ಅದು!

ಒಂಬತ್ತು ವರ್ಷ ಅವರು ಹಳ್ಳಿಯಿಂದ ಹಳ್ಳಿಗೆ, ಹೆಸರು ಬದಲಿಸಿ, ಉಡುಪು ಬದಲಿಸಿ ತಲೆಮರೆಸಿಕೊಂಡರು. ವೇಷ ಹಾಕುವ ಆ ವಿದ್ಯೆ ಈಗ ಜೀವ ಉಳಿಸಿತು. ಬಡ ರೈತರು ಅವರನ್ನು ಮನೆಯಲ್ಲಿಟ್ಟು ಸಾಕಿದರು. 1891ರಲ್ಲಿ ಸಿಕ್ಕಿಬಿದ್ದಾಗ ಗಡೀಪಾರು ಮಾಡಲಾಯಿತು.

ತೌಫೀಕ್ ತೀರಿಕೊಂಡ ಮೇಲೆ, 1892ರಲ್ಲಿ ಮರಳಿ ಬಂದು ಮತ್ತೆ ಪತ್ರಿಕೆ ಹೊರಡಿಸಿದರು. ಅದರಲ್ಲೂ ಹುಡುಗರು, ಹುಡುಗಿಯರು ಮನೆಮಾತಿನ ಅರಬಿಯಲ್ಲಿ ಮಾತಾಡಿಕೊಳ್ಳುವ ಸಂಭಾಷಣೆಗಳಿದ್ದವು. ಪತ್ರಿಕೆಗೆ ಅವರಿಟ್ಟ ಹೆಸರು ‘ಅಲ್ ಉಸ್ತಾದ್’.