ಬಾಪನ ಪದ್ಮಿನಿ ಮತ್ತು ಸೊಲ್ಲಾಪುರ

ನಮ್ಮ ಮನೆಯಲ್ಲಿ ಸೊಲ್ಲಾಪುರ ಎಂದರೆ ಚಾದರ. ಪಾಣೆಮಂಗಳೂರಿನಲ್ಲಿ ಬಾಪನಿಗೆ ಒಂದು ಸಣ್ಣ ಜವಳಿ ಅಂಗಡಿ ಇತ್ತು. ಮಳೆಗಾಲ ಹಿಡಿಯುವ ಮೊದಲು ಅವರು ಬಸ್ಸು ಹತ್ತಿ ಸೊಲ್ಲಾಪುರಕ್ಕೆ ಹೋಗಿ ಬರುತ್ತಿದ್ದರು. ಅವರ ಹಿಂದೆಯೇ ಲಾರಿಯಲ್ಲಿ ಚಾದರದ ಕಟ್ಟುಗಳು ಬರುತ್ತಿದ್ದವು. ಆ ಊರಿಗೆ ಇನ್ನೊಂದು ಚರಿತ್ರೆಯೂ ಇದೆ, ಅದು ನಮ್ಮ ಅಂಗಳದಲ್ಲಿ ಟಾರ್ಪಾಲು ಹೊದ್ದು ನಿಂತಿದ್ದ ಕಾರಿನದ್ದೂ ಹೌದು ಎಂದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ಆ ಕಾರು 1986ರ ಪ್ರೀಮಿಯರ್ ಪದ್ಮಿನಿ. ನಾನು ಶಾಲೆಗೆ ಹೋಗುತ್ತಿದ್ದಾಗ ಬಾಪ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು. ಅದನ್ನು ಹಾಳು ಮಾಡಿದ್ದು ನಾನು. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ ಮರುವರ್ಷ, 2011ರಲ್ಲಿ, ಅದರ ಓಟ ಸಾಲದು ಎಂದು ನನಗೆ ಕಂಡಿತು. ಹೆಡ್ ಬಿಚ್ಚಿ ತಳವನ್ನು ಚೆನ್ನಾಗಿ ಮಿಲ್ಲಿಂಗ್ ಮಾಡಿಸಿದೆ. ಹೆಡ್ ತಗ್ಗಿದರೆ ಕಂಪ್ರೆಷನ್ ಏರುತ್ತದೆ, ಕಂಪ್ರೆಷನ್ ಏರಿದರೆ ಶಕ್ತಿ ಏರುತ್ತದೆ. ಪುಸ್ತಕದಲ್ಲಿ ಹಾಗೇ ಇತ್ತು. ಒಂದು ವಾರ ಕಾರು ಹಾರಿದ ಹಾಗೆ ಓಡಿತು. ಆಮೇಲೆ ಮೂಡಿಗೆರೆಯ ಒಂದು ಮದುವೆಗೆಂದು ಬಾಪ, ಉಮ್ಮ, ತಂಗಿಯನ್ನು ಕೂರಿಸಿಕೊಂಡು ಚಾರ್ಮಾಡಿ ಘಟ್ಟ ಹತ್ತುವಾಗ ಎಂಜಿನ್ ಒಳಗೆ ಯಾರೋ ಸುತ್ತಿಗೆಯಲ್ಲಿ ಬಡಿದ ಹಾಗೆ ಸದ್ದು ಬಂತು. ನಾನು ನಿಲ್ಲಿಸಲಿಲ್ಲ. ಎರಡು ತಿರುವು ದಾಟುವಷ್ಟರಲ್ಲಿ ಮೂರನೇ ಪಿಸ್ಟನ್ ತೂತಾಯಿತು. ಮಳೆಯಲ್ಲಿ ಮೂರು ಗಂಟೆ ರಸ್ತೆ ಬದಿಯಲ್ಲಿ ಕೂತೆವು. ಬಾಪ ಬೈಯಲಿಲ್ಲ. ಒಂದೇ ಮಾತು ಕೇಳಿದರು: "ಆ ಹೆಚ್ಚಿನ ಶಕ್ತಿ ನೀನು ಎಲ್ಲಿಂದ ತಂದದ್ದು?"

ಬ್ಯಾರಿ ಎಂಬ ಹೆಸರು ತುಳುವಿನ ಬ್ಯಾರ, ಅಂದರೆ ವ್ಯಾಪಾರ ಎಂಬ ಮಾತಿನಿಂದ ಬಂತು ಎಂದು ನಮ್ಮಲ್ಲಿ ಹಲವರು ಹೇಳುತ್ತಾರೆ. ಬಾಪ ಕೇಳಿದ್ದು ವ್ಯಾಪಾರಿಯ ಪ್ರಶ್ನೆ. ಜಮೆ ಇದ್ದರೆ ಖರ್ಚು ಎಲ್ಲೋ ಇರಲೇಬೇಕು. ಉತ್ತರ ಸಿಗಲು ನನಗೆ ಈ ಎಂಜಿನ್‌ನ ಚರಿತ್ರೆ ಓದಬೇಕಾಯಿತು.

ಪದ್ಮಿನಿಯ ಎಂಜಿನ್ ಇಟಲಿಯ ಫಿಯೆಟ್‌ನದ್ದು. ಬೋರ್ 68 ಮಿಲಿಮೀಟರ್, ಸ್ಟ್ರೋಕ್ 75, ನಾಲ್ಕು ಸಿಲಿಂಡರಿಗೆ ಒಟ್ಟು 1089 ಸಿಸಿ. ಇದೇ ಅಳತೆ 1937ರ ಫಿಯೆಟ್ 508 ಸಿ ಕಾರಿನಲ್ಲೂ ಇತ್ತು. ಆಗ ಅದರ ಶಕ್ತಿ 32 ಅಶ್ವಶಕ್ತಿ. 1953ರಲ್ಲಿ ಹೊಸ ಮೈಯ 1100 ಬಂದಾಗ ಅದು 36 ಆಯಿತು. ಅದೇ ವರ್ಷ ಫಿಯೆಟ್ ಅದರ ವೇಗದ ತಮ್ಮನನ್ನೂ ತಂದಿತು. ಹೆಸರು 1100 ಟಿ.ವಿ., ಟುರಿಸ್ಮೊ ವೆಲೋಚೆ. ಅಳತೆ ಅದೇ 1089 ಸಿಸಿ, ಶಕ್ತಿ ಮಾತ್ರ ಸುಮಾರು 50. ಹಳೆ ಕಾರು ಪ್ರಿಯರು ಇವತ್ತಿಗೂ ಹುಡುಕುವ ಕಾರು ಅದು.

ಆ ಹೆಚ್ಚಿನ ಅಶ್ವಶಕ್ತಿ ಎಲ್ಲಿಂದ ಬಂತು? ಫಿಯೆಟ್‌ನವರೂ ಕಂಪ್ರೆಷನ್ ಏರಿಸಿದ್ದರು, ಆದರೆ ಹದವಾಗಿ. ಜೊತೆಗೆ ಎರಡು ಗಂಟಲಿನ ವೆಬರ್ ಕಾರ್ಬ್ಯುರೇಟರ್ ಕೊಟ್ಟು, ಎಂಜಿನ್ ಹೆಚ್ಚು ಸುತ್ತು ತಿರುಗುವಾಗಲೂ ಉಸಿರು ಕಟ್ಟದ ಹಾಗೆ ಮಾಡಿದರು. ನಾನು ಉಸಿರಿನ ದಾರಿ ಮುಟ್ಟದೆ ಒತ್ತಡ ಮಾತ್ರ ಏರಿಸಿದ್ದೆ. ಲೆಕ್ಕ ಹೀಗಿದೆ. ಒಂದು ಸಿಲಿಂಡರ್ 272 ಸಿಸಿ. ಅನುಪಾತ 7 ಎಂದಿಟ್ಟುಕೊಂಡರೆ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ ಸುಮಾರು 45 ಸಿಸಿ. ಅನುಪಾತ 8.5 ಆಗಬೇಕಾದರೆ ಅದು 36ಕ್ಕೆ ಇಳಿಯಬೇಕು. ಅಷ್ಟು ಒತ್ತಡದಲ್ಲಿ, ಘಟ್ಟದ ಭಾರದಲ್ಲಿ, ಬಿಸಿ ಏರಿದ ಎಂಜಿನ್‌ನಲ್ಲಿ ಪೆಟ್ರೋಲು ಕಿಡಿಯ ಬೆಂಕಿ ತಲುಪುವ ಮೊದಲೇ ತಾನಾಗಿ ಸಿಡಿಯುತ್ತದೆ. ನಾಕಿಂಗ್ ಎಂದು ಕರೆಯುವುದು ಇದನ್ನೇ. ನಾನು ತಂದ ಶಕ್ತಿ ಪಿಸ್ಟನ್‌ನ ಆಯುಸ್ಸಿನಿಂದ ತೆಗೆದ ಸಾಲ.

ಈ ಇಟಲಿಯ ಎಂಜಿನ್ ನಮ್ಮ ದೇಶದ ಬೀದಿಗೆ ಬಂದ ಕಥೆ ಸೊಲ್ಲಾಪುರದಿಂದ ಶುರುವಾಗುತ್ತದೆ. ವಾಲ್‌ಚಂದ್ ಹಿರಾಚಂದ್ 1882ರಲ್ಲಿ ಹುಟ್ಟಿದ್ದು ಅಲ್ಲಿ, ಒಂದು ಜೈನ ವ್ಯಾಪಾರಿ ಕುಟುಂಬದಲ್ಲಿ. ಮನೆಯ ವ್ಯಾಪಾರ ಅವರಿಗೆ ಹಿಡಿಸಲಿಲ್ಲ. ರೈಲ್ವೆ ಗುತ್ತಿಗೆಗೆ ಇಳಿದರು, ಆಮೇಲೆ ಹಡಗಿಗೆ. ಕಾರು ಕಾರ್ಖಾನೆಯ ಕನಸಿನಲ್ಲಿ ಅವರ ಜೊತೆಗಿದ್ದವರು ನಮ್ಮ ಸರ್ ಎಂ. ವಿಶ್ವೇಶ್ವರಯ್ಯ. 1930ರ ದಶಕದ ಮಧ್ಯದಲ್ಲೇ ವಿಶ್ವೇಶ್ವರಯ್ಯನವರು ಹೊರದೇಶದ ಕಾರ್ಖಾನೆಗಳನ್ನು ನೋಡಿ ಬಂದು ಯೋಜನೆ ಬರೆದಿದ್ದರು. ಮೈಸೂರು ಸಂಸ್ಥಾನ ಒಲವು ತೋರಿಸಿತು, ಬ್ರಿಟಿಷ್ ಸರಕಾರ ತೋರಿಸಲಿಲ್ಲ. ಕಾರು ಆಗಲಿಲ್ಲ, 1940ರಲ್ಲಿ ವಾಲ್‌ಚಂದ್ ಮೈಸೂರು ಸರಕಾರದ ಜೊತೆ ಸೇರಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದರು. ಇವತ್ತಿನ ಎಚ್‌ಎಎಲ್ ಅದೇ. 1944ರಲ್ಲಿ ಕೊನೆಗೂ ಪ್ರೀಮಿಯರ್ ಆಟೊಮೊಬೈಲ್ಸ್ ಹುಟ್ಟಿತು. ಮುಂಬಯಿಯ ಕುರ್ಲಾದಲ್ಲಿ ಮೊದಲು ಅಮೆರಿಕದ ಕಾರುಗಳು, 1950ರ ದಶಕದಲ್ಲಿ ಫಿಯೆಟ್ 1100. ವಾಲ್‌ಚಂದ್ 1953ರಲ್ಲಿ ತೀರಿಕೊಂಡರು. ಪದ್ಮಿನಿ ಎಂಬ ಹೆಸರು ಬಂದದ್ದು 1970ರ ದಶಕದಲ್ಲಿ.

ಇಟಲಿಯಲ್ಲಿ 1962ರಲ್ಲೇ 1100 ಡಿ ಕಾರಿಗೆ ಬೋರ್ 72 ಮಾಡಿ 1221 ಸಿಸಿ ಕೊಟ್ಟರು. ನಮ್ಮಲ್ಲಿ ಅದೇ ಮೈಯ ಕಾರು 1089ರಲ್ಲೇ ಉಳಿಯಿತು. ಮುಂಬಯಿಯಲ್ಲಿ ಟ್ಯಾಕ್ಸಿ ಓಡಿಸಿದ ಕಾಕಂದಿರು ನಿಮ್ಮ ಮನೆಯಲ್ಲಿದ್ದರೆ ಕೇಳಿ ನೋಡಿ, ಆ ಎಂಜಿನ್ ಎಷ್ಟು ಹೊಡೆತ ತಿಂದಿದೆ ಎಂದು ಹೇಳುತ್ತಾರೆ. ಅಲ್ಲಿನ ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆ ಬಿಟ್ಟದ್ದು 2023ರ ಅಕ್ಟೋಬರಿನಲ್ಲಿ.

ಅದೇ ವರ್ಷದ ಕೊನೆಗೆ ಬಾಪ ಅಂಗಡಿ ಮುಚ್ಚಿದರು. ಮೊಣಕಾಲು ಸೋತಿತ್ತು. ಒಂದು ಸಂಜೆ ಅಂಗಳದಲ್ಲಿ ಕೂತು, "ಅದರಲ್ಲಿ ಇನ್ನೊಮ್ಮೆ ಘಟ್ಟ ಹತ್ತಲು ಆಗುತ್ತದಾ?" ಎಂದು ಕೇಳಿದರು. ಹನ್ನೆರಡು ವರ್ಷ ಆ ಕಾರಿನ ವಿಷಯ ಅವರು ಎತ್ತಿರಲಿಲ್ಲ.

ಬಾಪನ ಹಳೆ ಪರಿಚಯ ಹಿಡಿದು ನಾನು ಸೊಲ್ಲಾಪುರಕ್ಕೆ ಹೋದೆ. ಚಾದರದ ಅಂಗಡಿಯವರೊಬ್ಬರು ಹಳೆ ಬಿಡಿಭಾಗದ ದಾರಿ ತೋರಿಸಿದರು. ಮಿಲ್ಲಿಂಗ್ ಆಗದ ಹೆಡ್ ಒಂದು ಸಿಕ್ಕಿತು. ಊರ ಹೊರಗೆ ಅಕ್ಕಲಕೋಟೆ ರಸ್ತೆಯ ಕೈಗಾರಿಕಾ ಪ್ರದೇಶದಲ್ಲಿ ಪ್ರಿಸಿಷನ್ ಕ್ಯಾಮ್‌ಶಾಫ್ಟ್ಸ್ ಕಾರ್ಖಾನೆ ಇದೆ. 1992ರಲ್ಲಿ ಯತಿನ್ ಶಾ ಸ್ಥಾಪಿಸಿದ್ದು. ಇಲ್ಲಿ ಎರಕವಾದ ಕ್ಯಾಮ್‌ಶಾಫ್ಟ್‌ಗಳು ದೇಶ ವಿದೇಶದ ಕಾರುಗಳೊಳಗೆ ತಿರುಗುತ್ತವೆ.

ಎಂಜಿನ್‌ನ ಸ್ವಭಾವ ನಿರ್ಧರಿಸುವುದೇ ಕ್ಯಾಮ್‌ಶಾಫ್ಟ್. ಅದರ ಮೇಲಿನ ಉಬ್ಬುಗಳು ವಾಲ್ವ್ ಯಾವಾಗ ತೆರೆಯಬೇಕು, ಎಷ್ಟು ಎತ್ತರ, ಎಷ್ಟು ಹೊತ್ತು ಎಂದು ಹೇಳುತ್ತವೆ. ಹೆಚ್ಚು ಹೊತ್ತು ತೆರೆದಿಟ್ಟರೆ ಮೇಲಿನ ವೇಗದಲ್ಲಿ ಶಕ್ತಿ ಬರುತ್ತದೆ, ಕೆಳಗಿನ ವೇಗದಲ್ಲಿ ಎಳೆತ ಹೋಗುತ್ತದೆ. ಉಬ್ಬು ಸವೆಯಬಾರದು, ಹಾಗೆಂದು ಇಡೀ ಶಾಫ್ಟ್ ಗಾಜಿನಂತೆ ಗಡುಸಾದರೆ ಮುರಿಯುತ್ತದೆ. ಅದಕ್ಕೆ ಮರಳಿನ ಅಚ್ಚಿನಲ್ಲಿ ಉಬ್ಬು ಬರುವ ಕಡೆ ಲೋಹದ ತುಂಡು ಇಟ್ಟು ಎರಕ ಹೊಯ್ಯುತ್ತಾರೆ. ಅಲ್ಲಿ ಕಬ್ಬಿಣ ಥಟ್ಟನೆ ತಣಿದು ಗಟ್ಟಿ ಪದರವಾಗುತ್ತದೆ, ಉಳಿದ ಭಾಗ ಮೆತ್ತಗೆ ಉಳಿಯುತ್ತದೆ.

ನನ್ನ ಹಳೆ ಕ್ಯಾಮ್‌ಶಾಫ್ಟ್ ಬ್ಯಾಗಿನಲ್ಲೇ ಇತ್ತು. ಹಳೆ ಚಟ ಪೂರ್ತಿ ಹೋಗಿರಲಿಲ್ಲ. ಗ್ರೈಂಡ್ ಮಾಡಿಸಿ ಸ್ವಲ್ಪ ವೇಗದ್ದು ಮಾಡಿಸೋಣ ಎಂದಿತ್ತು. ಸುಮಾರು 40 ಕಿಲೋಮೀಟರ್ ದೂರದ ಅಕ್ಕಲಕೋಟೆಯಲ್ಲಿ ಒಬ್ಬ ಹಿರಿಯ ಲೇತ್ ಕೆಲಸದವರಿದ್ದಾರೆ ಎಂದರು. ಅಕ್ಕಲಕೋಟೆ ಒಂದು ಕಾಲದ ಸಂಸ್ಥಾನ. ಅಲ್ಲಿನ ಹಳ್ಳಿಗಳಲ್ಲಿ ಇವತ್ತಿಗೂ ಕನ್ನಡ ಮಾತು, ಕನ್ನಡ ಶಾಲೆ. 1967ರ ಮಹಾಜನ್ ವರದಿ ಈ ತಾಲೂಕನ್ನು ಕರ್ನಾಟಕಕ್ಕೆ ಕೊಡಬೇಕೆಂದಿತ್ತು, ಆಗಲಿಲ್ಲ. ನಾನು ಹರಕು ಹಿಂದಿಯಲ್ಲಿ ಶುರು ಮಾಡಿದೆ. ಅವರು ನಕ್ಕು, "ಮಂಗ್ಳೂರಿಂದ ಬಂದು ಹಿಂದಿ ಯಾಕ್ರೀ? ಕನ್ನಡದಾಗ ಹೇಳ್ರಿ" ಎಂದರು.

ಮೈಕ್ರೋಮೀಟರ್ ಹಿಡಿದು ಎಂಟು ಉಬ್ಬನ್ನೂ ಅಳೆದರು. "ಇದನ್ನ ಇನ್ನಾ ತಿಕ್ಕಿದ್ರ ಮ್ಯಾಲಿನ ಗಟ್ಟಿ ಪದರ ಹೋಗ್ತದ್ರೀ. ಒಂದ್ ವರ್ಷ ಛಲೋ ಓಡ್ತದ, ಆಮ್ಯಾಲ ಸವದು ಹೋಗ್ತದ. ರೇಸ್ ಓಡಸ್ತೀರೇನು?"

"ಇಲ್ಲ. ಬಾಪನನ್ನು ಕೂರಿಸಿಕೊಂಡು ಘಟ್ಟ ಹತ್ತಬೇಕು."

"ಹಂಗಾದ್ರ ನಿಮಗ ಬೇಕಾದ್ದು ಕೆಳಗಿನ ಜೋರು, ಮ್ಯಾಲಿಂದಲ್ಲ. ಎಲ್ಲಿ ಪೋಲಾಗ್ಲಿಕ್ಕತ್ತದ, ಅದನ್ನ ನಿಲ್ಲಸ್ರಿ." ಉಬ್ಬುಗಳಿಗೆ ಪಾಲಿಶ್ ಮಾತ್ರ ಮಾಡಿ ಕೊಟ್ಟರು.

ಊರಿಗೆ ಬಂದು ಅದನ್ನೇ ಮಾಡಿದೆ. ಬೋರ್ ಅರ್ಧ ಮಿಲಿಮೀಟರ್ ಹೆಚ್ಚಿಸಿ ಹೊಸ ಪಿಸ್ಟನ್ ಹಾಕಿದೆ. ನಾಲ್ಕು ಪಿಸ್ಟನ್, ನಾಲ್ಕು ಕನೆಕ್ಟಿಂಗ್ ರಾಡ್ ತೂಕ ಮಾಡಿ, ಹಗುರವಾದುದಕ್ಕೆ ಉಳಿದವನ್ನು ಸಮ ಮಾಡಿದೆ. ಹೆಡ್‌ನ ದಾರಿಗೂ ಮ್ಯಾನಿಫೋಲ್ಡ್ ದಾರಿಗೂ ನಡುವೆ ಇದ್ದ ಮೆಟ್ಟಿಲು ಉಜ್ಜಿ ತೆಗೆದೆ. ಸೀಸವಿಲ್ಲದ ಪೆಟ್ರೋಲಿಗೆ ತಾಳುವ ಗಟ್ಟಿ ವಾಲ್ವ್ ಸೀಟ್ ಕೂರಿಸಿದೆ. ಬ್ಯೂರೆಟ್‌ನಿಂದ ಎಣ್ಣೆ ಬಿಟ್ಟು ನಾಲ್ಕೂ ಕೋಣೆಗಳ ಅಳತೆ ತೆಗೆದೆ. ಬಾಪ ಕುರ್ಚಿ ಹಾಕಿ ಪಕ್ಕದಲ್ಲೇ ಕೂತು ಅಂಗಡಿಯ ಹಳೆ ಲೆಕ್ಕದ ಪುಸ್ತಕದಲ್ಲಿ ಅಂಕಿ ಬರೆದುಕೊಂಡರು. ಮೂರನೆಯದು ಕಡಿಮೆ ಬಂದಾಗ, "ಇದನ್ನು ಸರಿ ಮಾಡು, ಹೋದ ಸಲ ಹೋದದ್ದು ಇದೇ" ಎಂದರು. ಸರಿ ಮಾಡಿದೆ.

ಮಳೆ ನಿಂತ ಮೇಲೆ ಒಂದು ಶುಕ್ರವಾರ ಜುಮಾ ಮುಗಿಸಿ ಹೊರಟೆವು. ಬರುವುದಿಲ್ಲ ಎಂದಿದ್ದ ಉಮ್ಮ ಕೊನೆಗೆ ಒಂದು ಸೊಲ್ಲಾಪುರ ಚಾದರ ಹಿಡಿದು ಹಿಂದಿನ ಸೀಟಿನಲ್ಲಿ ಕೂತರು. ಹಿಂದೆ ಎರಡನೇ ಗೇರ್ ಬೇಡುತ್ತಿದ್ದ ಏರನ್ನು ಕಾರು ಮೂರರಲ್ಲಿ ಹತ್ತಿತು. ಸುತ್ತಿಗೆಯ ಸದ್ದಿಗಾಗಿ ನಾನು ಕಿವಿಗೊಟ್ಟೇ ಇದ್ದೆ. ನಾವು ಅವತ್ತು ಮಳೆಯಲ್ಲಿ ಕೂತಿದ್ದ ತಿರುವು ಬಂದಾಗ ಬಾಪ ಕಿಟಕಿಯಿಂದ ಒಮ್ಮೆ ನೋಡಿದರು, ಏನೂ ಹೇಳಲಿಲ್ಲ. ಕೊಟ್ಟಿಗೆಹಾರದಲ್ಲಿ ಚಹಾ ಕುಡಿದು ಎಂಜಿನ್ ಆರಿದ ಮೇಲೆ, ರೇಡಿಯೇಟರ್ ನೀರು ನೋಡು ಎಂದರು. ಮುಚ್ಚಳ ತೆಗೆದು ನೋಡಿದೆ. ಕಡಿಮೆಯಾಗಿರಲಿಲ್ಲ.