ಕರಾವಳಿಯ ಮರದ ದೋಣಿಗಳ ಒಳಮೈ ರಕ್ಷಣೆ: ಒಂದು ಚಾರಿತ್ರಿಕ ಪರಿಶೀಲನೆ

ಪಡುವಣ ಕರಾವಳಿಯ ನೌಕಾ ಇತಿಹಾಸವನ್ನು ಬರೆಯುವವರು ಮೊದಲಿಗೆ ನೆನೆಯುವ ದಾಖಲೆಗಳಲ್ಲಿ ಕ್ರಿ.ಶ. 634ರ ಐಹೊಳೆ ಶಾಸನವೂ ಒಂದು. ಇಮ್ಮಡಿ ಪುಲಕೇಶಿಯು ಪಶ್ಚಿಮ ಸಮುದ್ರದ ಪುರಿ ಎಂಬ ಪಟ್ಟಣವನ್ನು ನೂರಾರು ನಾವೆಗಳೊಡನೆ ಮುತ್ತಿದ ಸಂಗತಿಯನ್ನು ಕವಿ ರವಿಕೀರ್ತಿ ಅದರಲ್ಲಿ ದಾಖಲಿಸಿದ್ದಾನೆ. ಆ ನಾವೆಗಳು ಯಾವ ಮರದವು, ದಂಡಯಾತ್ರೆಯಿಲ್ಲದ ತಿಂಗಳುಗಳಲ್ಲಿ ಅವನ್ನು ಎಲ್ಲಿ ಇಡುತ್ತಿದ್ದರು, ಅವುಗಳ ಹಲಗೆಗಳಿಗೆ ಎಣ್ಣೆ ಬಳಿಯುತ್ತಿದ್ದವರು ಯಾರು ಎಂಬುದನ್ನು ಪ್ರಶಸ್ತಿ ಶಾಸನ ಹೇಳುವುದಿಲ್ಲ. ಹೇಳಬೇಕೆಂದು ನಿರೀಕ್ಷಿಸುವುದೂ ಸಲ್ಲ. ಆದರೆ ಶಾಸನದ ಈ ಮೌನವು ಆಧುನಿಕ ಅಧ್ಯಯನಗಳಲ್ಲಿಯೂ ಬಹುಮಟ್ಟಿಗೆ ಮುಂದುವರಿದಿರುವುದು ವಿಚಾರಾರ್ಹವಾಗಿದೆ.

ಭಾರತದ ದೋಣಿಗಳ ಶಾಸ್ತ್ರೀಯ ಅಧ್ಯಯನಕ್ಕೆ ತಳಹದಿ ಹಾಕಿದ ಜೇಮ್ಸ್ ಹಾರ್ನೆಲ್ ಅವರ 1920ರ ಪ್ರಬಂಧವು ಮುಖ್ಯವಾಗಿ ದೋಣಿಗಳ ಆಕಾರ, ಮೂಲ ಮತ್ತು ಪ್ರಸರಣವನ್ನು ಕುರಿತದ್ದು. ಅನಂತರದ ಚರ್ಚೆಯು ಕಬ್ಬಿಣದ ಮೊಳೆಯೋ ಹುರಿಯ ಹೊಲಿಗೆಯೋ ಎಂಬ ಪ್ರಶ್ನೆಯ ಸುತ್ತಲೇ ಬೆಳೆಯಿತು. ದೋಣಿಯನ್ನು ಕಟ್ಟುವ ವಿದ್ಯೆಗೆ ಸಿಕ್ಕ ಗಮನ ಅದನ್ನು ಉಳಿಸಿಕೊಳ್ಳುವ ವಿದ್ಯೆಗೆ ಸಿಕ್ಕಲಿಲ್ಲ. ಉಳಿಸಿಕೊಳ್ಳುವ ಮಾತು ಬಂದಾಗಲೂ ನೀರು, ಉಪ್ಪು ಮತ್ತು ಮರ ಕೊರೆಯುವ ಕಡಲ ಹುಳುವನ್ನು ಮಾತ್ರ ಶತ್ರುಗಳೆಂದು ಎಣಿಸಲಾಯಿತು. ಈ ಮೂರೂ ದೋಣಿಯ ಹೊರಮೈಯ ಶತ್ರುಗಳು. ಒಳಮೈಯ ಮೊದಲ ಶತ್ರು ಬಿಸಿಲು. ಕರಾವಳಿಯ ದೋಣಿಗಳಿಗೆ ಬಳಿಯುತ್ತಿದ್ದ ಎಣ್ಣೆಯನ್ನು ನೀರು ತಡೆಯುವ ಲೇಪವೆಂದಷ್ಟೇ ವಿವರಿಸುವ ರೂಢಿಯನ್ನು ಈ ದೃಷ್ಟಿಯಿಂದ ಮರುಪರಿಶೀಲಿಸಬೇಕಾಗಿದೆ.

ತೆರೆದ ಸಣ್ಣ ದೋಣಿಯ ರಚನೆಯನ್ನು ಗಮನಿಸಿದರೆ ಇದು ಸ್ಪಷ್ಟವಾಗುತ್ತದೆ. ಅದಕ್ಕೆ ಮೇಲ್ಮುಚ್ಚಳವಿಲ್ಲ. ಹೊರಮೈಯು ಇಳಿಜಾರಾಗಿ ಕೆಳಮುಖವಾಗಿರುವುದರಿಂದ ನೆತ್ತಿಯ ಮೇಲಿನ ಬಿಸಿಲು ಅದಕ್ಕೆ ಓರೆಯಾಗಿ ತಾಗುತ್ತದೆ. ಒಳಮೈಯಾದರೋ ಬೋಗುಣಿಯಂತೆ ಆಕಾಶಕ್ಕೆ ತೆರೆದುಕೊಂಡಿರುತ್ತದೆ. ದೋಣಿ ನೀರಿನಲ್ಲಿರುವಾಗ ಒಂದೇ ಹಲಗೆಯ ಹೊರಮುಖ ಒದ್ದೆಯಾಗಿಯೂ ಒಳಮುಖ ಒಣಗಿಯೂ ಇರುತ್ತದೆ. ಮರವು ತೇವ ಕಳೆದುಕೊಂಡಾಗ ಕುಗ್ಗುವ ವಸ್ತು. ಅದೂ ಎಲ್ಲ ದಿಕ್ಕಿನಲ್ಲಿ ಸಮನಾಗಿ ಕುಗ್ಗುವುದಿಲ್ಲ. ವಾರ್ಷಿಕ ಉಂಗುರಗಳ ಗುಂಟ ಆಗುವ ಕುಗ್ಗುವಿಕೆಯು ಉಂಗುರಗಳಿಗೆ ಅಡ್ಡಲಾಗಿ ಆಗುವುದರ ಸುಮಾರು ಎರಡರಷ್ಟಿರುತ್ತದೆ. ಆದ್ದರಿಂದ ಒಣಗಿದ ಒಳಮುಖವು ಹಲಗೆಯನ್ನು ತನ್ನತ್ತ ಬಾಗಿಸುತ್ತದೆ, ಸೀಳು ಬಿಡುತ್ತದೆ, ಸಂದುಗಳನ್ನು ಅಗಲಗೊಳಿಸುತ್ತದೆ. ದಂಡೆಗೆ ಎಳೆದಿಟ್ಟ ದೋಣಿಯಲ್ಲಿ ಹೊರಮುಖಕ್ಕೆ ನೀರಿನ ಆಸರೆಯೂ ಇಲ್ಲದೆ ಇಡೀ ಹಲಗೆಯೇ ಒಣಗುತ್ತದೆ. ಮಾರ್ಚ್‌ನಿಂದ ಮೇ ತಿಂಗಳವರೆಗಿನ ಬಿಸಿಲಿನಲ್ಲಿ ಕೆಲವು ವಾರ ಮರಳ ಮೇಲೆ ಬಿದ್ದಿದ್ದ ದೋಣಿಯನ್ನು ನೀರಿಗಿಳಿಸಿದಾಗ ಅದು ಸೋರುವುದು ಹಲಗೆ ಸವೆದದ್ದರಿಂದಲ್ಲ, ಕುಗ್ಗಿದ್ದರಿಂದ.

ಬಿಸಿಲಿನಿಂದಾಗುವ ಹಾನಿ ಎರಡು ಬಗೆಯದು. ಒಂದು ಬೆಳಕಿನ ಹಾನಿ, ಇನ್ನೊಂದು ಒಣಗುವಿಕೆಯ ಹಾನಿ. ಮರದ ಎಳೆಗಳನ್ನು ಹಿಡಿದಿಡುವ ಲಿಗ್ನಿನ್ ಎಂಬ ದ್ರವ್ಯವನ್ನು ಅತಿನೇರಳೆ ಕಿರಣಗಳು ಒಡೆಯುತ್ತವೆ. ಮಳೆ ಅದನ್ನು ತೊಳೆದೊಯ್ಯುತ್ತದೆ. ಉಳಿದ ಎಳೆಗಳು ಬೂದುಬಣ್ಣಕ್ಕೆ ತಿರುಗಿ ಸಿಬಿರೇಳುತ್ತವೆ. ಆದರೆ ಈ ಕಿರಣಗಳು ಮರದೊಳಕ್ಕೆ ಇಳಿಯುವ ಆಳವು ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಕಣ್ಣಿಗೆ ಎದ್ದು ಕಾಣುವ ಬೂದುಬಣ್ಣಕ್ಕಿಂತ ಕಣ್ಣಿಗೆ ಕಾಣದ ಒಣಗುವಿಕೆಯೇ ದೋಣಿಗೆ ಹೆಚ್ಚು ಮಾರಕ. ಸಾಂಪ್ರದಾಯಿಕ ಉಪಚಾರಗಳನ್ನು ಅರ್ಥಮಾಡಿಕೊಳ್ಳುವಾಗ ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಡುವುದು ಅಗತ್ಯ.

ಹೊಲಿದು ಕಟ್ಟಿದ ದೋಣಿಗಳಲ್ಲಿ ಒಳಮೈಯ ಪ್ರಶ್ನೆ ಮತ್ತಷ್ಟು ಗಂಭೀರವಾದುದು. ಅರಬ್ಬೀ ಸಮುದ್ರದ ತೀರಗಳಲ್ಲಿ ಇಂತಹ ದೋಣಿಗಳ ಪರಂಪರೆ ಬಹು ಹಳೆಯದು. ಕ್ರಿ.ಶ. ಒಂದನೆಯ ಶತಮಾನದ ಗ್ರೀಕ್ ಕೃತಿ 'ಪೆರಿಪ್ಲಸ್' ಓಮನ ಎಂಬ ಬಂದರಿನಿಂದ ಅರೇಬಿಯಕ್ಕೆ ಹೋಗುತ್ತಿದ್ದ ಹೊಲಿದ ದೋಣಿಗಳನ್ನು ಹೆಸರಿಸುತ್ತದೆ. ಅದೇ ಬಂದರಿಗೆ ಭರುಕಚ್ಛದಿಂದ ತೇಗದ ಮರ ರಫ್ತಾಗುತ್ತಿದ್ದುದನ್ನೂ ತಿಳಿಸುತ್ತದೆ. ಗೋವೆ ಮತ್ತು ಉತ್ತರ ಕನ್ನಡದ ತೀರದಲ್ಲಿ ರಂಪಣಿ ಬಲೆಯ ಮೀನುಗಾರಿಕೆಗೆ ಬಳಸುತ್ತಿದ್ದ ಹೊಲಿದ ದೋಣಿಗಳು ಇಪ್ಪತ್ತನೆಯ ಶತಮಾನದವರೆಗೂ ಈ ಪರಂಪರೆಯನ್ನು ಉಳಿಸಿಕೊಂಡು ಬಂದವು. ಇವುಗಳಲ್ಲಿ ಹಲಗೆಯ ಅಂಚಿಗೆ ರಂಧ್ರ ಕೊರೆದು, ಸಂದಿನ ಮೇಲೆ ತೆಂಗಿನ ನಾರಿನ ಸಿಂಬಿಯನ್ನಿಟ್ಟು, ಅದನ್ನು ಒತ್ತಿ ಹಿಡಿಯುವಂತೆ ಕತ್ತದ ಹುರಿಯಿಂದ ಹೊಲಿಯುತ್ತಾರೆ. ಈ ಸಿಂಬಿ ಮತ್ತು ಅದರ ಮೇಲೆ ಹಾಯುವ ಹುರಿಯ ಸಾಲುಗಳು ಕಾಣುವುದು ದೋಣಿಯ ಒಳಗೆ. ಅಂದರೆ ದೋಣಿಯನ್ನು ದೋಣಿಯಾಗಿ ಹಿಡಿದಿಟ್ಟ ಕಟ್ಟು ಬಿಸಿಲಿಗೆ ಒಡ್ಡಿದ ಮುಖದಲ್ಲಿಯೇ ಇದೆ. ಮೊಳೆ ಹೊಡೆದ ದೋಣಿಯಲ್ಲಿ ಒಳಮೈ ಒಣಗಿದರೆ ಹಲಗೆ ಕೆಡುತ್ತದೆ. ಹೊಲಿದ ದೋಣಿಯಲ್ಲಿ ಹಲಗೆಯೊಂದಿಗೆ ಹೊಲಿಗೆಯೂ ಸಡಿಲುತ್ತದೆ.

ಪ್ರವಾಸಿಗಳ ಬರಹಗಳನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಕ್ರಿ.ಶ. 1183ರಲ್ಲಿ ಕೆಂಪು ಸಮುದ್ರದ ಐಧಾಬ್ ಬಂದರಿನಲ್ಲಿದ್ದ ಇಬ್ನ್ ಜುಬೈರ್, ಅಲ್ಲಿನ ಹೊಲಿದ ದೋಣಿಗಳಿಗೆ ತುಪ್ಪವನ್ನೋ ಹರಳೆಣ್ಣೆಯನ್ನೋ ಶಾರ್ಕ್ ಮೀನಿನ ಎಣ್ಣೆಯನ್ನೋ ಬಳಿಯುತ್ತಿದ್ದರೆಂದೂ, ಇವುಗಳಲ್ಲಿ ಮೀನಿನ ಎಣ್ಣೆಯೇ ಉತ್ತಮವೆಂದೂ ಬರೆದಿದ್ದಾನೆ. ಹದಿಮೂರನೆಯ ಶತಮಾನದ ಕೊನೆಯ ಭಾಗದಲ್ಲಿ ಹೊರ್ಮುಜ್ ಕಂಡ ಮಾರ್ಕೋ ಪೋಲೊ ಅಲ್ಲಿನ ಹಡಗುಗಳಿಗೆ ಡಾಂಬರಿನ ಬದಲು ಮೀನೆಣ್ಣೆ ಸವರುತ್ತಿದ್ದುದನ್ನು ಕೊರತೆಯೆಂಬಂತೆ ಹೇಳುತ್ತಾನೆ. ಹದಿನಾಲ್ಕನೆಯ ಶತಮಾನದಲ್ಲಿ ಹೊನ್ನಾವರ, ಬಾರಕೂರು, ಮಂಗಳೂರುಗಳನ್ನು ಹಾದುಹೋದ ಇಬ್ನ್ ಬತೂತ, ಭಾರತ ಮತ್ತು ಯೆಮನ್‌ಗಳ ಹಡಗುಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿಯುವುದನ್ನೂ, ಆ ಹೊಲಿಗೆಯು ಬಂಡೆ ತಾಗಿದಾಗ ಒಡೆಯದೆ ಬಾಗಿ ಕೊಡುವ ಗುಣವನ್ನೂ ಮೆಚ್ಚಿ ಬರೆದಿದ್ದಾನೆ.

ಇವರಲ್ಲಿ ಇಬ್ನ್ ಜುಬೈರನ ಮಾತಿಗೆ ವಿಶೇಷ ಮಹತ್ತ್ವವಿದೆ. ಎಣ್ಣೆ ಬಳಿಯುವ ಉದ್ದೇಶ ಮರವನ್ನು ಮೃದುವಾಗಿ, ಬಾಗುವಂತೆ ಇಡುವುದು ಎಂದು ಅವನು ಸ್ಪಷ್ಟವಾಗಿ ಹೇಳುತ್ತಾನೆ. ಅವನು ಕೊಡುವ ಕಾರಣ ಆ ಕಡಲಿನ ಹವಳದ ದಿಬ್ಬಗಳು. ಬಿಸಿಲಿನ ಹೆಸರನ್ನು ಅವನು ಎತ್ತುವುದಿಲ್ಲ. ಆದರೆ ಮರವು ತನ್ನಷ್ಟಕ್ಕೆ ಪೆಡಸಾಗುವುದಿಲ್ಲ. ಅದನ್ನು ಪೆಡಸಾಗಿಸುವುದು ಒಣಗುವಿಕೆ, ಒಣಗಿಸುವುದು ಬಿಸಿಲು ಮತ್ತು ಗಾಳಿ. ನೀರು ಒಳಬಾರದಂತೆ ಎಣ್ಣೆ ಬಳಿದರು ಎಂದು ಅವನು ಹೇಳದಿರುವುದನ್ನು ಇತಿಹಾಸಕಾರರು ಗಮನಿಸಬೇಕಿತ್ತು. ಪೋಲೊ ಕಂಡ ಕೊರತೆಯು ಕೊರತೆಯಾಗಿರದೆ ಬೇರೊಂದು ಉದ್ದೇಶದ ಉಪಚಾರವಾಗಿತ್ತು.

ಈ ಓದಿಗೆ ಇನ್ನೊಂದು ಆಧಾರ ಲೇಪಗಳ ಹಂಚಿಕೆಯಲ್ಲಿ ದೊರೆಯುತ್ತದೆ. ಅರಬ್ಬೀ ಸಮುದ್ರದ ಮರದ ಹಡಗುಗಳಲ್ಲಿ ಎರಡು ಬಗೆಯ ಲೇಪಗಳಿದ್ದವು. ನೀರಿನಲ್ಲಿ ಮುಳುಗುವ ತಳಭಾಗಕ್ಕೆ ಸುಣ್ಣವನ್ನು ಪ್ರಾಣಿಯ ಕೊಬ್ಬಿನಲ್ಲಿ ನಾದಿ ಮೆತ್ತುತ್ತಿದ್ದರು; ಇದು ಹುಳುವಿನ ವಿರುದ್ಧ. ನೀರಿನಿಂದ ಮೇಲಿನ ಭಾಗಕ್ಕೂ ಒಳಮೈಗೂ ಮೀನೆಣ್ಣೆ ಬಳಿಯುತ್ತಿದ್ದರು. 1938-39ರಲ್ಲಿ ಕುವೈತಿನ ಹಡಗಿನಲ್ಲಿ ಪ್ರಯಾಣಿಸಿದ ಅಲನ್ ವಿಲಿಯರ್ಸ್ ಅವರ ಬರಹದಲ್ಲಿಯೂ ಈ ಎರಡು ಉಪಚಾರಗಳ ವಿವರ ಬರುತ್ತದೆ. ಎಣ್ಣೆಯ ಮುಖ್ಯ ಕೆಲಸ ನೀರು ತಡೆಯುವುದೇ ಆಗಿದ್ದರೆ ಅದು ಮೊದಲು ತಳಕ್ಕೆ ಬೀಳಬೇಕಿತ್ತು. ಬಿದ್ದದ್ದು ಬಿಸಿಲು ತಾಗುವ ಕಡೆ.

ಯಾವ ಎಣ್ಣೆ ಎಂಬುದೂ ಇತಿಹಾಸದ ಪ್ರಶ್ನೆಯೇ. ತೆಂಗಿನ ತೋಟಗಳೇ ತುಂಬಿದ ಕರಾವಳಿಯಲ್ಲಿ ದೋಣಿಗೆ ತೆಂಗಿನೆಣ್ಣೆ ಬಳಿಯದೆ ನಾರುವ ಮೀನೆಣ್ಣೆಯನ್ನು ಬಳಿದದ್ದೇಕೆ? ಬೆಲೆ ಒಂದು ಕಾರಣವಿರಬಹುದು, ಅದೊಂದೇ ಅಲ್ಲ. ತೆಂಗಿನೆಣ್ಣೆ ಗಾಳಿಗೆ ಒಣಗಿ ಪೊರೆಗಟ್ಟುವ ಜಾತಿಯದಲ್ಲ. ಅದು ಜಿಡ್ಡಾಗಿಯೇ ಉಳಿಯುತ್ತದೆ, ಮಳೆಗೆ ತೊಳೆದು ಹೋಗುತ್ತದೆ. ಮಂಗಳೂರಿನ ಕಡೆ ಬೂತಾಯಿ ಎಂದೂ ಕಾರವಾರದ ಕಡೆ ತಾರ್ಲೆ ಎಂದೂ ಕರೆಯುವ ಮೀನಿನ ಎಣ್ಣೆ ಗಾಳಿಯ ಆಮ್ಲಜನಕದೊಡನೆ ಕೂಡಿ ನಿಧಾನವಾಗಿ ಗಟ್ಟಿಯಾಗುತ್ತದೆ. ಹಲಗೆಯ ರಂಧ್ರಗಳಲ್ಲಿ ಇಳಿದು ಅಲ್ಲಿಯೇ ನೆಲೆಯಾಗುತ್ತದೆ. ಮಳೆಗಾಲ ಕಳೆದ ತಿಂಗಳುಗಳಲ್ಲಿ ಈ ಮೀನಿನ ಕೊಬ್ಬು ಹೆಚ್ಚು. ಮೀನನ್ನು ಹಂಡೆಯಲ್ಲಿ ಕುದಿಸಿ, ಮೇಲೆ ತೇಲಿದ ಎಣ್ಣೆಯನ್ನು ಬಸಿದುಕೊಂಡು, ಉಳಿದ ಗಷ್ಟನ್ನು ತೋಟಗಳಿಗೆ ಗೊಬ್ಬರವಾಗಿ ಕಳುಹಿಸುತ್ತಿದ್ದರು. ಇಪ್ಪತ್ತನೆಯ ಶತಮಾನದ ಆರಂಭದ ವೇಳೆಗೆ ಮಲಬಾರ್ ಮತ್ತು ದಕ್ಷಿಣ ಕನ್ನಡ ತೀರಗಳಲ್ಲಿ ಇದು ಒಂದು ಕೈಗಾರಿಕೆಯಾಗಿಯೇ ಬೆಳೆದಿತ್ತು. ಎಣ್ಣೆಯ ಜೊತೆಗೆ ಘಟ್ಟದ ಧೂಪದ ಮರದ ಅಂಟೂ ಬಳಕೆಯಲ್ಲಿತ್ತು. ಅಂಟನ್ನು ಮಾತ್ರ ಬಳಿದರೆ ಅದು ಬಿಸಿಲಿಗೆ ಬಿರುಕು ಬಿಡುತ್ತದೆ; ಎಣ್ಣೆಯಲ್ಲಿ ಕಾಯಿಸಿ ಬೆರೆಸಿದಾಗ ಮಾತ್ರ ಬಾಗುವ ಗುಣ ಪಡೆಯುತ್ತದೆ.

ಗೇರು ಸಿಪ್ಪೆಯ ಎಣ್ಣೆಯದು ಬೇರೆಯೇ ಕಥೆ. ಗೇರು ಎಂಬ ಹೆಸರು ಮೊದಲು ಈ ನಾಡಿನದೇ ಆದ ಕರಿಗೇರಿಗೆ, ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಕಾಯಿಗೆ, ಸೇರಿದ್ದು. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ತಂದ ಹೊಸ ಮರದ ಬೀಜದ ಸಿಪ್ಪೆಯಲ್ಲಿಯೂ ಅದೇ ಬಗೆಯ ಸುಡುವ ಕಪ್ಪು ರಸವಿದ್ದುದರಿಂದ ಕರಾವಳಿಯ ಜನ ಹಳೆಯ ಹೆಸರನ್ನೇ ಅದಕ್ಕೂ ಕೊಟ್ಟರು. ಗೇರುಬೀಜದ ಕಾರ್ಖಾನೆಗಳು ಬಂದ ಮೇಲೆ ಈ ಎಣ್ಣೆ ಯಥೇಚ್ಛವಾಗಿ ದೊರೆಯತೊಡಗಿ ದೋಣಿಯ ಒಳಮೈಗೆ ಅದರ ಬಳಕೆ ವ್ಯಾಪಕವಾಯಿತು. ಹುಳು ಮತ್ತು ಶಿಲೀಂಧ್ರಗಳಿಗೆ ಇದು ಅಪ್ರಿಯ. ಇದರ ಗಾಢವರ್ಣ ಬೆಳಕನ್ನು ಮೇಲ್ಪದರದಲ್ಲಿಯೇ ಹೀರಿಕೊಳ್ಳುತ್ತದೆ. ಆದರೆ ಕಪ್ಪು ಮೈ ಬಿಸಿಲಿನಲ್ಲಿ ಹೆಚ್ಚು ಕಾಯುತ್ತದೆ ಎಂಬುದೂ ಅಷ್ಟೇ ನಿಜ. ಬೆಳಕನ್ನು ತಡೆಯುವ ಲೇಪವೇ ಶಾಖವನ್ನು ಸೆಳೆಯುತ್ತದೆ. ನೆರಳಿಲ್ಲದೆ ಎಣ್ಣೆಯೊಂದೇ ಸಾಲದು ಎಂಬುದು ಇದರಿಂದ ವಿದಿತವಾಗುತ್ತದೆ.

ಮರದ ಆಯ್ಕೆಯಲ್ಲಿಯೂ ಈ ಲೆಕ್ಕವಿತ್ತು. ತೇಗವು ಸ್ವತಃ ಎಣ್ಣೆಯ ಅಂಶವುಳ್ಳದ್ದು, ಕಡಿಮೆ ಕುಗ್ಗುವಂಥದ್ದು. ಆದರೆ ಸಣ್ಣ ಮೀನುಗಾರನ ಕೈಗೆ ನಿಲುಕುವಂಥದ್ದಲ್ಲ. ಹೆಬ್ಬಲಸು ಅದರ ನಂತರದ ಆಯ್ಕೆ. ಒಮಾನಿನ ಸೂರ್ ಪಟ್ಟಣದಲ್ಲಿ ಕಟ್ಟಿ, 1980-81ರಲ್ಲಿ ಟಿಮ್ ಸೆವೆರಿನ್ ಅವರು ಮಸ್ಕತ್ತಿನಿಂದ ಚೀನಾಕ್ಕೆ ನಡೆಸಿದ 'ಸೊಹಾರ್' ಎಂಬ ಹೊಲಿದ ಹಡಗಿಗೂ ಮಲಬಾರಿನ ಹೆಬ್ಬಲಸನ್ನೇ ತರಿಸಲಾಗಿತ್ತು. ಒಂಟಿ ದಿಮ್ಮಿಯನ್ನು ತೋಡಿ ಮಾಡುವ ಸಣ್ಣ ದೋಣಿಗೆ ಮಾವಿನ ಮರ ಸಾಮಾನ್ಯ. ಮಾವು ಅಗ್ಗ, ಆದರೆ ಬೇಗ ಸೀಳುವ, ಬೇಗ ಕೊಳೆಯುವ ಮರ. ಬಡವನ ದೋಣಿಗೇ ಹೆಚ್ಚು ಎಣ್ಣೆ ಬೇಕಾಗುತ್ತಿತ್ತು.

ಎಣ್ಣೆಗಿಂತ ಹಳೆಯದಾದ ರಕ್ಷಣೆ ನೆರಳು. ಮಳೆಗಾಲದ ಬಿಡುವಿನಲ್ಲಿ ದೋಣಿಗಳನ್ನು ದಂಡೆಯ ಮೇಲಕ್ಕೆ ಎಳೆದು ಹೆಣೆದ ತೆಂಗಿನ ಮಡಲಿನ ಚಪ್ಪರ ಹೊದಿಸುವುದು ಇಡೀ ಪಶ್ಚಿಮ ತೀರದ ಪದ್ಧತಿ. ಇದನ್ನು ಮಳೆಯಿಂದ ರಕ್ಷಣೆ ಎಂದು ಮಾತ್ರ ತಿಳಿಯಬಾರದು. ಮಳೆ ನಿಂತಾಗ ಬೀಳುವ ಬಿಸಿಲು ನೆನೆದ ಹಲಗೆಯನ್ನು ಥಟ್ಟನೆ ಒಣಗಿಸುತ್ತದೆ. ನೆನೆಯುವುದು ಮತ್ತು ಒಣಗುವುದು ಸರದಿಯಂತೆ ನಡೆದಾಗಲೇ ಮರ ಹೆಚ್ಚು ಸೀಳುವುದು. ದೋಣಿಯೊಳಗೆ ನಿಲ್ಲುವ ಸಿಹಿನೀರು ಕೊಳೆತಕ್ಕೆ ಕಾರಣವಾದರೆ, ಕಡಲ ನೀರು ಹಾಗಲ್ಲ. ಉಪ್ಪು ತೇವವನ್ನು ಹಿಡಿದಿಡುವುದರಿಂದ ಉಪ್ಪುನೀರು ತಾಗಿದ ಹಲಗೆ ನಿಧಾನವಾಗಿ ಒಣಗುತ್ತದೆ. ಮಳೆಯ ನೀರನ್ನು ಮೊಗೆದು ಚೆಲ್ಲುವ ಕೈಯೇ ಬೇಸಗೆಯಲ್ಲಿ ಒಳಹಲಗೆಗೆ ಕಡಲ ನೀರು ಎರಚುವುದರಲ್ಲಿ ವಿರೋಧಾಭಾಸವೇನೂ ಇಲ್ಲ. ನೂಲ ಹುಣ್ಣಿಮೆಯ ಸಮುದ್ರಪೂಜೆಯ ನಂತರ ಮೊಗವೀರ, ಖಾರ್ವಿ, ಹರಿಕಂತ್ರ ಸಮುದಾಯದವರು ಕಡಲಿಗಿಳಿಯುವ ಹೊತ್ತಿಗೆ ದೋಣಿ ಸಿದ್ಧವಾಗಿರಬೇಕಿತ್ತು. ಜಾನಪದ ಅಧ್ಯಯನಗಳಲ್ಲಿ ಆ ಪೂಜೆಗೆ ಪುಟಗಳಿವೆ, ಅದರ ಹಿಂದಿನ ವಾರಗಳ ದುಡಿಮೆಗೆ ಸಾಲುಗಳೂ ವಿರಳ.

1970ರ ದಶಕದ ನಡುಭಾಗದಲ್ಲಿ ಪರ್ಸೀನ್ ಬಲೆಯ ಯಾಂತ್ರಿಕ ದೋಣಿಗಳು ಬಂದು ರಂಪಣಿ ಹಿಂದೆ ಸರಿದಾಗ ಈ ಉಪಚಾರಗಳಿಗೆ ಆಧಾರವಾಗಿದ್ದ ದೋಣಿಗಳೇ ಕಡಿಮೆಯಾದವು. ಅನಂತರ ಫೈಬರ್ ದೋಣಿಗಳು ಬಂದವು. ಅವಕ್ಕೆ ಎಣ್ಣೆ ಬೇಡ. ಆದರೆ ಅತಿನೇರಳೆ ಕಿರಣಗಳು ಅವುಗಳ ಮೇಲ್ಪದರವನ್ನೂ ಬಿಳಿಚಿಸಿ ಸುಣ್ಣದಂತೆ ಪುಡಿಗಟ್ಟಿಸುತ್ತವೆ. ಉಳಿದ ಮರದ ದೋಣಿಗಳಲ್ಲಿ ಹೊರಗೆ ಅಂಗಡಿಯ ಬಣ್ಣ, ಒಳಗೆ ಎಣ್ಣೆ ಎಂಬ ಮಿಶ್ರ ಪದ್ಧತಿ ನೆಲೆಗೊಂಡಿತು. ಬಣ್ಣದ ಪದರ ಎಣ್ಣೆಯಂತೆ ಮರದೊಡನೆ ಹಿಗ್ಗಿ ಕುಗ್ಗುವುದಿಲ್ಲ. ಬಿರುಕಿನಿಂದ ಇಳಿದ ನೀರು ಅದರ ಅಡಿಯಲ್ಲಿಯೇ ಉಳಿಯುತ್ತದೆ. ಒಳಮೈಗೆ ಎಣ್ಣೆಯನ್ನು ಉಳಿಸಿಕೊಂಡವರ ನಿರ್ಧಾರ ಸರಿಯಾದದ್ದೇ ಆಗಿತ್ತು.

2025ರ ಮೇ 21ರಂದು ಭಾರತೀಯ ನೌಕಾಪಡೆಯು ಕಾರವಾರದಲ್ಲಿ 'ಕೌಂಡಿನ್ಯ' ಎಂಬ ಹೊಲಿದ ಹಡಗನ್ನು ತನ್ನ ಸೇವೆಗೆ ಸೇರಿಸಿಕೊಂಡಿತು. ಅಜಂತಾದ ಐದನೆಯ ಶತಮಾನದ ಚಿತ್ರವೊಂದನ್ನು ಆಧರಿಸಿ, ಕತ್ತದ ಹುರಿ, ತೆಂಗಿನ ನಾರು ಮತ್ತು ಮರದ ಅಂಟು ಬಳಸಿ ಕಟ್ಟಿದ ಹಡಗು ಅದು. ಚಿತ್ರದಲ್ಲಿ ಕಾಣುವುದು ಹಡಗಿನ ಹೊರನೋಟ ಮಾತ್ರ. ಒಳಗಿನ ಹೊಲಿಗೆಯನ್ನು ಕುಶಲಕರ್ಮಿಗಳ ಕೈಯಿಂದಲೇ ಕಲಿಯಬೇಕಾಯಿತು. ಪ್ರದರ್ಶನಕ್ಕಿಟ್ಟ ಹಳೆಯ ದೋಣಿಗಳಿಗೆ ಅಂತಹ ಕೈಗಳ ಆಸರೆಯಿಲ್ಲ. ಅವು ನೀರು ಕಾಣುವುದಿಲ್ಲ, ವರ್ಷಕ್ಕೊಮ್ಮೆ ಎಣ್ಣೆ ಬಳಿಯುವ ಒಡೆಯನೂ ಅವಕ್ಕಿಲ್ಲ. ದುರಸ್ತಿಗೆ ಹಣ ಬಂದಾಗ ನೋಡುಗರ ಕಣ್ಣಿಗೆ ಬೀಳುವ ಹೊರಮೈಗೆ ಬಣ್ಣ ಬೀಳುತ್ತದೆ. ಮಧ್ಯಾಹ್ನದ ಬಿಸಿಲು ನೇರವಾಗಿ ಇಳಿಯುವ ಒಳಹಲಗೆಗಳು ಹಾಗೆಯೇ ಉಳಿಯುತ್ತವೆ.